ಕೆತ್ತನೆಯಿಲ್ಲದ ಗರಡಿ ಮನೆಗೆ ಪಾರಂಪರಿಕ ಪಟ್ಟಿಯಲ್ಲಿ ಜಾಗವಿದೆಯೇ?

ಪ್ರಶ್ನೆ: ನಮ್ಮದು ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಕೇಂದ್ರ. ಪೇಟೆ ಬೀದಿಯ ಹಿಂಬದಿಯಲ್ಲಿ ನಮ್ಮ ತಾತಂದಿರ ಕಾಲದ ಗರಡಿ ಮನೆಯೊಂದಿದೆ. ಮಣ್ಣಿನ ಗೋಡೆ, ಬಗ್ಗಿ ಒಳಹೋಗಬೇಕಾದ ಬಾಗಿಲು. ಹೆಂಚು ಹಾಳಾದ ಮೇಲೆ ಸುಮಾರು ಮೂವತ್ತು ವರ್ಷದ ಹಿಂದೆ ತಗಡು ಹೊದಿಸಿದ್ದಾರೆ. ಈಗ ಆ ಜಾಗದಲ್ಲಿ ವಾಣಿಜ್ಯ ಮಳಿಗೆ ಕಟ್ಟಲು ಪುರಸಭೆ ಹೊರಟಿದೆ. ಗರಡಿಯನ್ನು ಉಳಿಸಬೇಕೆಂದು ನಾವು ಕೊಟ್ಟ ಮನವಿಗೆ ‘ಸದರಿ ಕಟ್ಟಡಕ್ಕೆ ಯಾವುದೇ ವಾಸ್ತುಶಿಲ್ಪದ ಮಹತ್ವವಿರುವುದಿಲ್ಲ, ಮೂಲ ಚಾವಣಿಯೂ ಉಳಿದಿರುವುದಿಲ್ಲ’ ಎಂಬ ಹಿಂಬರಹ ಬಂದಿದೆ. ಹೊಸ ಕಟ್ಟಡದ ಮೊದಲ ಅಂತಸ್ತಿನಲ್ಲಿ ಮಲ್ಟಿ ಜಿಮ್ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಇಂಥ ಕಟ್ಟಡಕ್ಕೆ ಪಾರಂಪರಿಕ ಮಾನ್ಯತೆ ಕೇಳಲು ಬರುತ್ತದೆಯೇ? ಕೇಳುವುದಾದರೆ ಯಾವ ಆಧಾರದ ಮೇಲೆ ಕೇಳಬೇಕು?

ಉತ್ತರ: ಕೇಳಲು ಬರುತ್ತದೆ. ನಿಮಗೆ ಸಿಕ್ಕಿರುವ ಹಿಂಬರಹದಲ್ಲಿ ಎರಡು ತಪ್ಪುಗಳಿವೆ. ಒಂದು ಕಾನೂನನ್ನು ಅರ್ಧ ಓದಿದ ತಪ್ಪು, ಇನ್ನೊಂದು ಕಟ್ಟಡವನ್ನು ಅರ್ಧ ನೋಡಿದ ತಪ್ಪು. ನಿಮ್ಮ ಮನವಿಯಲ್ಲಿಯೂ ಸಡಿಲವಾದ ಜಾಗಗಳು ಇದ್ದೇ ಇರುತ್ತವೆ. ಅವನ್ನು ಎದುರು ಪಕ್ಷದವರು ಎತ್ತಿ ತೋರಿಸುವ ಮೊದಲೇ ನೀವು ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಮೊದಲು ಕಾನೂನಿನ ಮಾತು. ಸ್ಮಾರಕ ಸಂರಕ್ಷಣೆ ಎಂದೊಡನೆ ನಮ್ಮ ಕಚೇರಿಗಳಲ್ಲಿ ನೆನಪಾಗುವುದು ಕೇಂದ್ರ ಸರ್ಕಾರದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ. ಚಾರಿತ್ರಿಕ, ಪುರಾತತ್ವದ ಅಥವಾ ಕಲೆಯ ದೃಷ್ಟಿಯಿಂದ ಮುಖ್ಯವಾದ, ಕನಿಷ್ಠ 100 ವರ್ಷ ಹಳೆಯದಾದ ನಿರ್ಮಾಣಗಳಿಗೆ ಸಂಬಂಧಿಸಿದ್ದು ಅದು. ನಮ್ಮ ರಾಜ್ಯದ 1961ರ ಸ್ಮಾರಕ ಕಾಯಿದೆಯೂ ಬಹುಮಟ್ಟಿಗೆ ಅದೇ ಅಚ್ಚಿನದು. ಬೇಲೂರು, ಬಾದಾಮಿ, ಪಟ್ಟದಕಲ್ಲುಗಳನ್ನು ಕಣ್ಣ ಮುಂದಿಟ್ಟುಕೊಂಡು ಬೆಳೆದ ಇಂಥ ಆಡಳಿತಕ್ಕೆ ಕಲ್ಲಿನಲ್ಲಿ ಕೆತ್ತನೆ ಕಾಣದಿದ್ದರೆ ಕಟ್ಟಡವೇ ಕಾಣದಂತಾಗುವುದು ಆಶ್ಚರ್ಯವಲ್ಲ. ಆದರೆ ನಿಮ್ಮ ಗರಡಿಗೆ ಅನ್ವಯಿಸಬೇಕಾದದ್ದು ಆ ಕಾಯಿದೆಗಳಲ್ಲ. ಅದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯಿದೆ. ಪಾರಂಪರಿಕ ಕಟ್ಟಡವೆಂದರೆ ಏನು ಎಂಬುದಕ್ಕೆ ಅದರಲ್ಲಿ ಒಂದು ವ್ಯಾಖ್ಯೆ ಇದೆ. ವಾಸ್ತುಶಿಲ್ಪದ, ಸೌಂದರ್ಯದ, ಚಾರಿತ್ರಿಕ ಅಥವಾ ಸಾಂಸ್ಕೃತಿಕ ಮೌಲ್ಯವುಳ್ಳ, ಯೋಜನಾ ಪ್ರಾಧಿಕಾರವಾಗಲಿ ಬೇರೆ ಸಕ್ಷಮ ಪ್ರಾಧಿಕಾರವಾಗಲಿ ಹಾಗೆಂದು ಘೋಷಿಸಿದ ಕಟ್ಟಡ ಎಂಬುದು ಅದರ ತಿರುಳು. ಆ ವಾಕ್ಯದಲ್ಲಿ ನಿಮಗೆ ಬೇಕಾದ ಪದ ‘ಅಥವಾ’. ನಾಲ್ಕೂ ಮೌಲ್ಯಗಳು ಒಟ್ಟಿಗೆ ಇರಬೇಕೆಂದು ಕಾಯಿದೆ ಹೇಳುವುದಿಲ್ಲ. ವಾಸ್ತುಶಿಲ್ಪದ ಮಹತ್ವವಿಲ್ಲ ಎಂದು ಬರೆದವರು ನಾಲ್ಕರಲ್ಲಿ ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಕಡತ ಮುಚ್ಚಿದ್ದಾರೆ. ಉಳಿದ ಮೂರನ್ನು ಪರಿಶೀಲಿಸಿದ ದಾಖಲೆ ಎಲ್ಲಿದೆ ಎಂದು ನೀವು ಲಿಖಿತವಾಗಿ ಕೇಳಬಹುದು, ಕೇಳಬೇಕು.

ಇದು ನಮ್ಮ ರಾಜ್ಯದ ಔದಾರ್ಯವೇನೂ ಅಲ್ಲ. ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ತತ್ವಗಳನ್ನು ಹೇಳುವ 1964ರ ವೆನಿಸ್ ಸನ್ನದು ತನ್ನ ಮೊದಲ ಪರಿಚ್ಛೇದದಲ್ಲಿಯೇ, ಮಹಾನ್ ಕಲಾಕೃತಿಗಳಿಗೆ ಮಾತ್ರವಲ್ಲದೆ ಕಾಲಕ್ರಮದಲ್ಲಿ ಸಾಂಸ್ಕೃತಿಕ ಮಹತ್ವ ಪಡೆದ ಸಾಧಾರಣ ಕಟ್ಟಡಗಳಿಗೂ ಸ್ಮಾರಕವೆಂಬ ಕಲ್ಪನೆ ಅನ್ವಯಿಸುತ್ತದೆ ಎಂದು ಹೇಳಿತು. ಆಸ್ಟ್ರೇಲಿಯಾದ ಬರ್ರಾ ಎಂಬ ಹಳೆಯ ತಾಮ್ರದ ಗಣಿ ಊರಿನಲ್ಲಿ 1979ರಲ್ಲಿ ರೂಪುಗೊಂಡ ಸನ್ನದು ಇನ್ನೂ ಮುಂದೆ ಹೋಗಿ, ಸೌಂದರ್ಯ, ಚರಿತ್ರೆ, ವಿಜ್ಞಾನಗಳ ಸಾಲಿನಲ್ಲಿಯೇ ಸಾಮಾಜಿಕ ಮೌಲ್ಯವನ್ನೂ ಕೂರಿಸಿತು; 1999ರ ಪರಿಷ್ಕರಣೆಯಲ್ಲಿ ಆಧ್ಯಾತ್ಮಿಕ ಮೌಲ್ಯವೂ ಸೇರಿತು. ಒಂದು ಜಾಗ ಜನರಿಗೆ ಏನಾಗಿದೆ ಎಂಬುದು ಅದರ ಗೋಡೆಯಷ್ಟೇ ಗಟ್ಟಿಯಾದ ಸಂಗತಿ ಎಂಬ ತಿಳಿವಳಿಕೆ ಇದು. ಪುರಸಭೆಯ ಸಭೆಯಲ್ಲಿ ಈ ಸನ್ನದುಗಳನ್ನು ಓದಿ ಹೇಳಲು ಹೋಗಬೇಡಿ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಮನವಿಯಲ್ಲಿ ಎರಡು ಸಾಲು ಸಾಕು.

ಇನ್ನು ಕಣ್ಣಿನ ತಪ್ಪು. ಗರಡಿ ಮನೆಗೆ ವಾಸ್ತುಶಿಲ್ಪವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಲಂಕಾರವಿಲ್ಲ ಎಂದರೆ ಒಪ್ಪುತ್ತೇನೆ. ಗರಡಿಯ ಜೀವವಿರುವುದು ಮಟ್ಟಿಯಲ್ಲಿ, ಅಂದರೆ ಕುಸ್ತಿಯಾಡುವ ಮಣ್ಣಿನ ಅಂಕಣದಲ್ಲಿ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಮೊದಲಾದವನ್ನು ಆಯಾ ಗರಡಿಯ ಪದ್ಧತಿಯಂತೆ ಬೆರೆಸಿ ಹದ ಮಾಡಿದ ಆ ಮಣ್ಣು ಒಣಗಿ ಗಟ್ಟಿಯಾದರೆ ಬಿದ್ದವನ ಮೈ ತರಚುತ್ತದೆ, ಹೆಚ್ಚು ತೇವವಾದರೆ ಕಾಲು ಜಾರುತ್ತದೆ. ದಪ್ಪನೆಯ ಮಣ್ಣಿನ ಗೋಡೆ, ಚಿಕ್ಕ ಕಿಂಡಿ, ತಗ್ಗಾದ ಬಾಗಿಲು ಇವೆಲ್ಲ ಬಿಸಿಗಾಳಿಯನ್ನೂ ನೇರ ಬಿಸಿಲನ್ನೂ ಹೊರಗಿಟ್ಟು ಆ ಹದವನ್ನು ಕಾಯುತ್ತವೆ. ತಗ್ಗಾದ ಬಾಗಿಲಿಗೆ ಇನ್ನೊಂದು ಕೆಲಸವೂ ಇದೆ: ಎಂಥ ಪೈಲ್ವಾನನಾದರೂ ಎದುರಿನ ಹನುಮಂತನಿಗೆ ತಲೆಬಾಗಿಯೇ ಒಳಗೆ ಬರಬೇಕು. ಕಟ್ಟಡದ ಅಳತೆಯೂ ಒಳಗಿನ ಆಚಾರವೂ ಒಂದೇ ಚೌಕಟ್ಟಿನಲ್ಲಿ ಸೇರಿರುವಾಗ ಇದು ವಾಸ್ತುಶಿಲ್ಪ, ಇದು ಸಂಸ್ಕೃತಿ ಎಂದು ಗೆರೆ ಎಳೆಯುವುದು ಹೇಗೆ? ನಿಮ್ಮ ಪುರಸಭೆಯ ಎಂಜಿನಿಯರ್ ಆ ಬಾಗಿಲಿನಲ್ಲಿ ಬಗ್ಗಿ ಒಳಗೆ ಹೋಗಿದ್ದರೇ, ಅಥವಾ ಬೀದಿಯಲ್ಲಿ ನಿಂತು ತಗಡನ್ನು ನೋಡಿ ಬರೆದರೇ ಎಂಬ ಅನುಮಾನ ನನಗಿದೆ.

ಹಾಗೆಂದು ಎಂಜಿನಿಯರುಗಳನ್ನು ಹಳಿಯುವ ಹಕ್ಕು ನನಗೆ ಪೂರ್ತಿಯಾಗಿ ಇಲ್ಲ. ವೃತ್ತಿಯ ಆರಂಭದ ವರ್ಷಗಳಲ್ಲಿ ಹಳೆಯ ಛತ್ರವೊಂದರ ಜೀರ್ಣೋದ್ಧಾರಕ್ಕೆ ವರದಿ ಬರೆದವನು ನಾನು. ಕಂಬಗಳ ಬೋದಿಗೆ, ಮದರಾಸು ತಾರಸಿ, ಗಾರೆಯ ಮಿಶ್ರಣ ಇವುಗಳಿಗೆ ಪುಟಗಟ್ಟಲೆ ಜಾಗ ಕೊಟ್ಟಿದ್ದೆ. ಜಾತ್ರೆಯ ಐದು ದಿನ ಅಲ್ಲಿ ಸುತ್ತಲಿನ ಹಳ್ಳಿಯವರಿಗೆ ಅನ್ನ ಬೇಯುತ್ತಿದ್ದ ಸಂಗತಿಗೆ ಕೊಟ್ಟದ್ದು ಒಂದು ಸಾಲು. ವರದಿಯಲ್ಲಿ ಅಡುಗೆಮನೆಯ ಹೊಗೆಯನ್ನು ‘ಕಟ್ಟಡಕ್ಕೆ ಹಾನಿಕಾರಕ’ ಎಂದು ಗುರುತಿಸಿದ್ದೆ. ಕೆಲಸ ಚೆನ್ನಾಗಿ ನಡೆಯಿತು, ಮಸಿ ತೊಳೆದರು, ಒಲೆಗಳನ್ನು ಕಿತ್ತರು, ಬಾಗಿಲಿಗೆ ಬೀಗ ಹಾಕಿದರು. ಆಮೇಲೆ ಒಮ್ಮೆ ಜಾತ್ರೆಯ ಸಮಯಕ್ಕೆ ಹೋದಾಗ ಊಟ ರಸ್ತೆಯಾಚೆ ಶಾಮಿಯಾನದ ಕೆಳಗೆ ನಡೆಯುತ್ತಿತ್ತು. ಛತ್ರ ಬಹಳ ಅಂದವಾಗಿತ್ತು, ಒಳಗೆ ಪಾರಿವಾಳಗಳಿದ್ದವು. ಯಾವ ಗುಣಕ್ಕಾಗಿ ಕಟ್ಟಡವನ್ನು ಉಳಿಸುತ್ತಿದ್ದೇವೆ ಎಂದು ಮೊದಲೇ ಬರೆದುಕೊಳ್ಳದೆ ದುರಸ್ತಿಗೆ ಕೈಹಾಕಬಾರದು ಎಂದು ನಾನು ಕಲಿತದ್ದು ಹೀಗೆ.

ಇದೇ ಗೊಂದಲ ದೊಡ್ಡ ಪ್ರಮಾಣದಲ್ಲಿ ಕಾಣಬೇಕಾದರೆ ಹಂಪಿಯನ್ನು ನೋಡಬೇಕು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯಲ್ಲಿ ವಿರೂಪಾಕ್ಷ ಗುಡಿ ಇಂದಿಗೂ ಪೂಜೆ ನಡೆಯುವ ಗುಡಿ, ಅದರ ಮುಂದಿನ ಬೀದಿ ಇಂದಿಗೂ ತೇರು ಎಳೆಯುವ ಬೀದಿ. ಆ ಬೀದಿಯ ಸಾಲುಮಂಟಪಗಳಲ್ಲಿ ಅಂಗಡಿ ಇಟ್ಟುಕೊಂಡು, ಸಂಸಾರ ಹೂಡಿಕೊಂಡು ಬದುಕಿದ್ದವರನ್ನು 2011ರ ಜುಲೈನಲ್ಲಿ ತೆರವು ಮಾಡಲಾಯಿತು. ಸಂರಕ್ಷಿತ ಮಂಟಪಗಳ ಕಂಬಗಳ ನಡುವೆ ಸಿಮೆಂಟ್ ಗೋಡೆ ಎಬ್ಬಿಸಿದ್ದು ಸುಳ್ಳಲ್ಲ; ಒತ್ತುವರಿಯೆಂಬ ಸರ್ಕಾರದ ವಾದಕ್ಕೆ ಕಾನೂನಿನ ಬಲವಿತ್ತು. ಆದರೆ ಅದು ಬಜಾರು ಎಂಬ ಹೆಸರಿನ ಬೀದಿ. ವ್ಯಾಪಾರಕ್ಕೆಂದೇ ಹುಟ್ಟಿದ ಮಂಟಪಗಳಿಂದ ವ್ಯಾಪಾರವನ್ನು ಪೂರ್ತಿಯಾಗಿ ತೆಗೆದುಹಾಕಿದರೆ ಉಳಿದದ್ದು ಯಾವುದರ ಸಂರಕ್ಷಣೆ? ಸಿಮೆಂಟ್ ಗೋಡೆ ತೆಗೆಸಿ, ನಿಯಮ ವಿಧಿಸಿ, ಗುಡಿಗೆ ಬರುವವರಿಗೆ ಹಣ್ಣುಕಾಯಿ ಮಾರುವವರನ್ನಾದರೂ ಅಲ್ಲಿಯೇ ಉಳಿಸಿಕೊಳ್ಳುವ ನಡುವಿನ ದಾರಿ ಇತ್ತೆಂದು ನನ್ನ ಅಭಿಪ್ರಾಯ. ನನ್ನ ವೃತ್ತಿಯ ಗೆಳೆಯರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ.

ಮೈಸೂರಿನ ದೇವರಾಜ ಮಾರುಕಟ್ಟೆಯ ವಿವಾದ ಇದಕ್ಕೆ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. 2016ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದ ಮೇಲೆ, ಇಡೀ ಕಟ್ಟಡವನ್ನು ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟುವುದು ಎಂಬ ಪ್ರಸ್ತಾಪ ಬಂತು. ವಾಸ್ತುಶಿಲ್ಪವನ್ನು ಮುಖಭಾಗದ ಚಿತ್ರ ಎಂದು ತಿಳಿದವರಿಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಹೂವಿನ ಸಾಲು, ಬಾಳೆಹಣ್ಣಿನ ಸಾಲು, ಕುಂಕುಮ ಅರಿಶಿನದ ಗುಡ್ಡೆಗಳು, ವೀಳ್ಯದೆಲೆಯ ಕಟ್ಟುಗಳು ಎಲ್ಲೆಲ್ಲಿ ಇವೆ, ಯಾವ ಬಾಗಿಲಿನಿಂದ ಹಳ್ಳಿಯ ಸರಕು ಬರುತ್ತದೆ, ಯಾವ ಅಂಗಡಿ ಎಷ್ಟು ತಲೆಮಾರಿನದು ಎಂಬ ನಕ್ಷೆ ಗಾರೆಯಲ್ಲಿಲ್ಲ, ಜನರಲ್ಲಿದೆ. ನಾಲ್ಕಾರು ವರ್ಷ ಅವರನ್ನು ಬೇರೆಡೆ ಚದುರಿಸಿದರೆ ಅದೇ ಕಮಾನನ್ನು ಮತ್ತೆ ಕಟ್ಟಬಹುದು, ಅದೇ ಮಾರುಕಟ್ಟೆಯನ್ನು ಕಟ್ಟಲಾಗುವುದಿಲ್ಲ. ಇದರ ಜೊತೆಗೆ ಇನ್ನೊಂದನ್ನೂ ಮರೆಯಬಾರದು: ಅದೇ ಊರಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ ಕುಸಿದಾಗ ಜೀವಗಳು ಹೋದವು. ಸಾಂಸ್ಕೃತಿಕ ಮಹತ್ವ ಗೋಡೆಯನ್ನು ಹಿಡಿದು ನಿಲ್ಲಿಸುವುದಿಲ್ಲ. ನಿಮ್ಮ ಗರಡಿಯ ಗೋಡೆಗಳ ಬುಡದಲ್ಲಿ ಮಳೆನೀರು ನಿಲ್ಲುತ್ತಿದೆಯೇ, ಗೋಡೆ ಉಬ್ಬಿದೆಯೇ ಎಂಬುದನ್ನು ಮಣ್ಣಿನ ಕಟ್ಟಡ ಬಲ್ಲವರಿಂದ ಮೊದಲು ಪರೀಕ್ಷೆ ಮಾಡಿಸಿ. ‘ಶಿಥಿಲ’ ಎಂಬ ಒಂದು ಪದ ಪುರಸಭೆಯ ಕೈಗೆ ಸಿಕ್ಕರೆ ನಿಮ್ಮ ಉಳಿದ ವಾದವೆಲ್ಲ ನೀರಿನಲ್ಲಿ ಹೋಮ.

ಕಟ್ಟಡ ಸಾಮಾನ್ಯವಾಗಿದ್ದರೂ ಉಳಿದ ನಿದರ್ಶನ ಬೇಕೆಂದರೆ ಮೈಸೂರಿನಲ್ಲಿಯೇ ಇದೆ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರು ಬಾಳಿದ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿದಾಗ ಸಾರ್ವಜನಿಕರ ಒತ್ತಾಯದಿಂದ ಅದು ನಿಂತಿತು. ಮುಂದೆ ದುರಸ್ತಿಯಾಗಿ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಆ ಮನೆ ಆ ಕಾಲದ ಮಧ್ಯಮ ವರ್ಗದ ಒಂದು ಮನೆ, ಅಷ್ಟೆ. ಅದಕ್ಕೆ ನೂರು ವರ್ಷವೂ ಆಗಿರಲಿಲ್ಲ. ಆಗ ಕನ್ನಡದ ಕೆಲವು ಸಾಹಿತಿಗಳು, ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಸರ್ಕಾರದ ಹಣವೇಕೆ ಎಂದು ಆಕ್ಷೇಪಿಸಿದ್ದನ್ನೂ ನೆನಪಿಡಬೇಕು. ಆ ಆಕ್ಷೇಪ ನನಗೆ ಒಪ್ಪಿಗೆಯಾಗಲಿಲ್ಲ, ಆದರೆ ಅದು ಎತ್ತಿದ ಪ್ರಶ್ನೆ ಸರಿಯಾದದ್ದೇ: ಮಹತ್ವ ಎನ್ನುವುದು ಯಾರಿಗೆ? ಕಮಾನಿನ ಅಗಲವನ್ನು ಟೇಪು ಹಿಡಿದು ಅಳೆಯಬಹುದು. ಸಾಂಸ್ಕೃತಿಕ ಮಹತ್ವವನ್ನು ಹೇಳುವಾಗ ಅದು ಯಾರ ಸಂಸ್ಕೃತಿ ಎಂಬುದನ್ನೂ ಹೇಳಲೇಬೇಕಾಗುತ್ತದೆ. ಲಂಡನ್ನಿನ ಕಿಂಗ್ ಹೆನ್ರಿ ರಸ್ತೆಯಲ್ಲಿ ವಿದ್ಯಾರ್ಥಿಯಾಗಿದ್ದ ಅಂಬೇಡ್ಕರ್ ಅವರು ವಾಸವಾಗಿದ್ದ ಮನೆಯದೂ ಇದೇ ಕಥೆ. ಸಾಲುಮನೆಗಳಲ್ಲಿ ಒಂದಾದ ಅದನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡಿತು. ವಸತಿ ಮನೆಯನ್ನು ಸಂಗ್ರಹಾಲಯ ಮಾಡಲು ಅಲ್ಲಿನ ಸ್ಥಳೀಯ ಆಡಳಿತ ಒಪ್ಪದೆ, ಕೊನೆಗೆ 2020ರಲ್ಲಿ ಬ್ರಿಟನ್ ಸರ್ಕಾರದ ಮಟ್ಟದಲ್ಲಿ ಅನುಮತಿ ದೊರೆಯಿತು. ಪಕ್ಕದ ಮನೆಯವರಿಗೆ ಅದು ಬೀದಿಯ ಒಂದು ಮನೆ. ದೂರದಿಂದ ಬಂದು ಹೊಸ್ತಿಲು ಮುಟ್ಟಿ ನಮಸ್ಕರಿಸುವವರಿಗೆ ಅದು ಬೇರೆಯದೇ ಆದ ಜಾಗ. ಇನ್ನು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ, 1938ರ ಏಪ್ರಿಲ್ 25ರಂದು ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಆ ನೆಲದಲ್ಲಿ, ಮಹತ್ವಕ್ಕೆ ಕಟ್ಟಡದ ಹಂಗೇ ಇಲ್ಲ.

ಈ ಉದಾಹರಣೆಗಳಲ್ಲಿ ಒಬ್ಬ ದೊಡ್ಡ ವ್ಯಕ್ತಿ ಅಥವಾ ಒಂದು ದೊಡ್ಡ ಘಟನೆ ಇದೆ. ನಿಮ್ಮ ಗರಡಿಗೆ ಅಂಥದ್ದು ಇದೆಯೋ ಇಲ್ಲವೋ ತಿಳಿಯದು. ಇಲ್ಲವಾದರೆ ಹುಟ್ಟಿಸಲು ಹೋಗಬೇಡಿ. ಇಂಥ ಮನವಿಗಳಲ್ಲಿ ‘ಮಹಾರಾಜರು ಇಲ್ಲಿಗೆ ಬಂದಿದ್ದರು’, ‘ಗಾಂಧೀಜಿ ಇಲ್ಲಿ ತಂಗಿದ್ದರು’ ಎಂಬ ಸಾಲುಗಳನ್ನು ನಾನು ಎಷ್ಟೋ ಬಾರಿ ಓದಿದ್ದೇನೆ. ಒಂದು ಸುಳ್ಳಾದರೆ ಉಳಿದ ಹತ್ತು ನಿಜಗಳಿಗೂ ಬೆಲೆ ಹೋಗುತ್ತದೆ. ಹೆಸರಿಲ್ಲದ ಸಾವಿರ ಜನ ನೂರು ವರ್ಷ ಒಂದೇ ಮಣ್ಣಿನಲ್ಲಿ ಸಾಮು ಮಾಡಿದರು ಎಂಬುದು ಸಣ್ಣ ಮಾತಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ನಡೆಯುತ್ತದೆ, ದಸರಾ ಕುಸ್ತಿಗೆ ಇಂದಿಗೂ ಜೋಡಿ ಕಟ್ಟುತ್ತಾರೆ. ಆ ಅಖಾಡಗಳಿಗೆ ಹುಡುಗರನ್ನು ತಯಾರು ಮಾಡಿ ಕಳಿಸಿದ್ದು ನಿಮ್ಮದರಂಥ ಊರೂರಿನ ಗರಡಿಗಳು.

ಆದರೆ ಅದನ್ನು ಸಾಬೀತು ಮಾಡಬೇಕು. ವಾಸ್ತುಶಿಲ್ಪದ ಮಹತ್ವಕ್ಕೆ ಕಟ್ಟಡವೇ ಸಾಕ್ಷಿ. ಸಾಂಸ್ಕೃತಿಕ ಮಹತ್ವಕ್ಕೆ ಸಾಕ್ಷಿಯನ್ನು ಹುಡುಕಿ ತರಬೇಕಾಗುತ್ತದೆ. ‘ನಮ್ಮ ಊರಿನ ಹೆಮ್ಮೆ’ ಎಂಬ ಸಾಲು ಸಾಕ್ಷಿಯಲ್ಲ. ಹಳೆಯ ಕುಸ್ತಿ ಪಂದ್ಯಗಳ ಕರಪತ್ರ, ಗೆದ್ದ ಗದೆಯ ಮೇಲೆ ಕೊರೆದ ಹೆಸರು ಮತ್ತು ಇಸವಿ, ಗರಡಿಗೆ ಎಣ್ಣೆ ಬೆಣ್ಣೆ ಕೊಟ್ಟವರ ಲೆಕ್ಕದ ಪುಸ್ತಕ, ಪುರಸಭೆಯ ಹಳೆಯ ಡಿಮ್ಯಾಂಡ್ ರಿಜಿಸ್ಟರಿನಲ್ಲಿ ಆ ಸ್ವತ್ತಿನ ನಮೂದು, ಮನೆಮನೆಯ ಗೋಡೆಗೆ ತೂಗುಹಾಕಿದ ಪೈಲ್ವಾನರ ಫೋಟೋಗಳು: ಇವೆಲ್ಲ ಸಾಕ್ಷಿ. ಹಿರಿಯ ಉಸ್ತಾದರ ಮಾತನ್ನು ಗರಡಿಯ ಒಳಗೇ ಕೂರಿಸಿ ಧ್ವನಿಮುದ್ರಿಸಿಕೊಳ್ಳಿ. ಮನೆಯಲ್ಲಿ ಕೂತರೆ ಅವರು ಗೆದ್ದ ಕುಸ್ತಿಗಳ ಕಥೆ ಹೇಳುತ್ತಾರೆ. ಮಟ್ಟಿಯ ಪಕ್ಕ ಕೂತರೆ ಯಾವ ಮೂಲೆಯಲ್ಲಿ ಕಲ್ಲುಗುಂಡು ಇತ್ತು, ಯಾರು ಎಲ್ಲಿ ನಿಲ್ಲುತ್ತಿದ್ದರು, ಹಬ್ಬದ ದಿನ ಏನು ನಡೆಯುತ್ತಿತ್ತು ಎಂಬುದು ತಾನಾಗಿ ಬರುತ್ತದೆ. ನಸುಕಿನ ತಾಲೀಮಿನಿಂದ ವರ್ಷದ ಪೂಜೆಯವರೆಗೆ ಆ ಜಾಗದ ದಿನಚರಿ, ವರ್ಷಚರಿಗಳನ್ನು ನೆಲನಕ್ಷೆಯ ಮೇಲೆಯೇ ಗುರುತಿಸಿ.

ಒಂದು ಕಷ್ಟದ ಮಾತನ್ನು ಇಲ್ಲಿಯೇ ಆಡಿಬಿಡುತ್ತೇನೆ. ಉಸ್ತಾದ್ ಎಂಬ ಪದವೂ ಹನುಮಂತನ ಪಟವೂ ಒಂದೇ ಸೂರಿನ ಕೆಳಗಿರುವುದು ಗರಡಿಯ ದೊಡ್ಡತನ. ಅದನ್ನು ಧಾರಾಳವಾಗಿ ಬರೆಯಿರಿ. ಆದರೆ ಊರಿನ ಎಲ್ಲ ಕೇರಿಯ ಹುಡುಗರಿಗೂ ಆ ಬಾಗಿಲು ಎಲ್ಲ ಕಾಲದಲ್ಲಿಯೂ ತೆರೆದಿತ್ತೇ? ಹೆಣ್ಣುಮಕ್ಕಳಿಗೆ? ಹಳಿಯಾಳದ ಕಡೆಯ ಹುಡುಗಿಯರು ಇಂದು ಕುಸ್ತಿಯಲ್ಲಿ ಹೆಸರು ಮಾಡುತ್ತಿರುವಾಗ ಈ ಪ್ರಶ್ನೆ ನಿಮ್ಮ ಸಭೆಯಲ್ಲಿ ಬಂದೇ ಬರುತ್ತದೆ. ಹೊರಗುಳಿದವರ ನೆನಪನ್ನೂ ಕೇಳಿ ದಾಖಲಿಸಿ. ಗರಡಿ ಏಕೆ ಮುಖ್ಯ ಎಂದು ವಿವರಿಸುವ ನಿಮ್ಮ ‘ಮಹತ್ವದ ಹೇಳಿಕೆ’ ಆಗ ಹೆಚ್ಚು ನಂಬಿಕೆಗೆ ಅರ್ಹವಾಗುತ್ತದೆ; ಜೊತೆಗೆ, ಗರಡಿ ಮುಂದೆ ಯಾರಿಗೆ ತೆರೆದಿರಬೇಕು ಎಂಬುದನ್ನು ಊರು ಈಗಲೇ ನಿರ್ಧರಿಸಲು ಅವಕಾಶವಾಗುತ್ತದೆ.

ಚಾವಣಿ ಬದಲಾಗಿದೆ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ. ಅರಮನೆಯ ಚಿತ್ರಿತ ಚಾವಣಿ ಹೋದರೆ ಅದರ ಮಹತ್ವದ ದೊಡ್ಡ ಪಾಲು ಹೋದಂತೆ, ಏಕೆಂದರೆ ಮಹತ್ವ ಇದ್ದದ್ದೇ ಆ ಚಿತ್ರದಲ್ಲಿ. ಗರಡಿಯಲ್ಲಿ ಮಟ್ಟಿಯ ಮಣ್ಣನ್ನೇ ಆಗಾಗ ತೆಗೆದು ಜರಡಿ ಹಿಡಿದು ಹೊಸತು ಬೆರೆಸುತ್ತಾರೆ. ಮೂಲ ವಸ್ತು ಉಳಿದಿಲ್ಲ ಎಂಬ ಮಾನದಂಡ ಹಿಡಿದರೆ ಯಾವ ಗರಡಿಯೂ ಗರಡಿಯಲ್ಲ. ಜಪಾನಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ, ಕೊನೆಯ ಬಾರಿ ಕಟ್ಟಿದ್ದು 2013ರಲ್ಲಿ. ಮೂಲತನವನ್ನು ಆಯಾ ಸಂಸ್ಕೃತಿಯ ಒಳಗಿನಿಂದಲೇ ಅಳೆಯಬೇಕು ಎಂದು 1994ರಲ್ಲಿ ಅಲ್ಲಿನ ನಾರಾ ನಗರದಲ್ಲಿ ತಜ್ಞರು ಒಪ್ಪಿಕೊಂಡರು. ತಗಡು ತೆಗೆದು ಹೆಂಚು ಹಾಕಿದರೆ ಒಳಗೆ ತಂಪಾದೀತು, ಖಂಡಿತ ಹಾಕಿಸಿ. ದೀಪ, ನೀರು, ಶೌಚಾಲಯ ಬರಲಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾತ್ರ ಬೇಡ, ತೇವ ಒಳಗೇ ಉಳಿದು ಗೋಡೆ ಪುಡಿಯಾಗುತ್ತದೆ. ಮಟ್ಟಿ ಇರುವ ಜಾಗ, ಬಾಗಿಲು ಮತ್ತು ಹನುಮಂತನ ನಡುವಿನ ನೋಟ, ಬಾಗಿಲಿನ ಎತ್ತರ ಈ ಮೂರು ಬದಲಾಗಕೂಡದು ಎಂದು ಮನವಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಏನನ್ನೂ ಮುಟ್ಟಬೇಡಿ ಎನ್ನುವವರ ಮಾತಿಗಿಂತ, ಇಷ್ಟನ್ನು ಮುಟ್ಟಬೇಡಿ ಎನ್ನುವವರ ಮಾತಿಗೆ ಕಚೇರಿಯಲ್ಲಿ ಹೆಚ್ಚು ತೂಕ. ಮೊದಲ ಅಂತಸ್ತಿನ ಜಿಮ್ಮಿನ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ಆರ್‌ಸಿಸಿ ಚಪ್ಪಡಿಯ ಮೇಲೆ ಕೆಮ್ಮಣ್ಣಿನ ಮಟ್ಟಿಯ ಹದ ಕಾಯುವುದು ಹೇಗೆ, ಅದರ ತೇವ ಕೆಳಗಿನ ಮಳಿಗೆಗೆ ಇಳಿದರೆ ಹೊಣೆ ಯಾರದು ಎಂದು ಕೇಳಿ ನೋಡಿ.

ಮನವಿಯನ್ನು ಪುರಸಭೆಗೂ ಯೋಜನಾ ಪ್ರಾಧಿಕಾರಕ್ಕೂ ಕೊಡಿ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಪ್ರತಿ ಕಳಿಸಿ. ಪರಂಪರೆಯ ಸಂರಕ್ಷಣೆಗಾಗಿ 1984ರಿಂದ ಕೆಲಸ ಮಾಡುತ್ತಿರುವ ಇಂಟ್ಯಾಕ್ ಸಂಸ್ಥೆಯ ಹತ್ತಿರದ ಘಟಕದವರು ದಾಖಲಾತಿಗೆ ನೆರವಾಗಬಲ್ಲರು. ಪಟ್ಟಿಗೆ ಸೇರಿದ ಮಾತ್ರಕ್ಕೆ ಎಲ್ಲವೂ ಮುಗಿಯುವುದಿಲ್ಲ ಎಂಬುದೂ ನಿಮಗೆ ತಿಳಿದಿರಲಿ. ಕಾನೂನು ಗೋಡೆಯನ್ನು ಕೆಡವದಂತೆ ತಡೆಯಬಲ್ಲದು, ನಸುಕಿನಲ್ಲಿ ಹುಡುಗರನ್ನು ಎಬ್ಬಿಸಿ ಕಳಿಸಲಾರದು. ಆದ್ದರಿಂದ ಘೋಷಣೆಯ ಜೊತೆಗೇ ಗರಡಿಯ ಉಸ್ತುವಾರಿಯನ್ನು ಬಳಸುವವರ ಸಮಿತಿಗೆ ದೀರ್ಘಾವಧಿಗೆ ವಹಿಸಿಕೊಡಬೇಕೆಂದೂ ಕೇಳಿ. ಬೀದಿಗೆ ಮುಖವಾದ ಖಾಲಿ ಜಾಗವೇನಾದರೂ ಇದ್ದರೆ ಅಲ್ಲಿ ಒಂದೆರಡು ಮಳಿಗೆ ಕಟ್ಟಿಕೊಂಡು ಅದರ ಬಾಡಿಗೆಯಲ್ಲಿ ಪುರಸಭೆ ತನ್ನ ಆದಾಯವನ್ನೂ ಗರಡಿಯ ನಿರ್ವಹಣೆಯನ್ನೂ ನೋಡಿಕೊಳ್ಳಲಿ ಎಂಬ ಸಲಹೆಯನ್ನು ನೀವೇ ಮುಂದಿಡಬಹುದು.

ನಿಮ್ಮ ಪತ್ರದಲ್ಲಿ ಒಂದು ಮಾಹಿತಿ ಇಲ್ಲ. ಈಗ ದಿನವೂ ಮಟ್ಟಿಗೆ ಇಳಿಯುವವರು ಎಷ್ಟು ಜನ? ಪುರಸಭೆಯ ಸಭೆಯಲ್ಲಿ ಮೊದಲು ಬರುವ ಪ್ರಶ್ನೆ ಅದೇ. ಎರಡು ವಾರ, ಬೆಳಿಗ್ಗೆ ಮತ್ತು ಸಂಜೆ, ಬಂದವರ ಹೆಸರು ಮತ್ತು ವಯಸ್ಸು ಬರೆದಿಡಿ. ಸಂಖ್ಯೆ ಆರೇಳು ಇದ್ದರೂ ಇದ್ದಷ್ಟನ್ನೇ ಬರೆಯಿರಿ. ಒಬ್ಬರೂ ಇಲ್ಲವೆಂದಾದರೆ ಬೀಗ ಬಿದ್ದದ್ದು ಯಾವಾಗ, ಏಕೆ ಎಂಬುದನ್ನು ಬರೆಯಿರಿ. ಆ ಪಟ್ಟಿಯೊಂದಿಗೆ ಇನ್ನೊಮ್ಮೆ ಪತ್ರ ಹಾಕಿದರೆ ಮಹತ್ವದ ಹೇಳಿಕೆಯ ಕರಡನ್ನು ನೋಡಿ ತಿದ್ದಿಕೊಡುತ್ತೇನೆ.